ಇತಿಹಾಸದ ಪೀರಿಯಡ್ ಗೆಲ್ಲಲು ಹದಿಮೂರು ಸೂತ್ರಗಳು

ನೀವು ಬಿ.ಎಡ್. ಮುಗಿಸಿ ಈಗಷ್ಟೇ ಪ್ರೌಢಶಾಲೆಗೆ ಕಾಲಿಟ್ಟ ಸಮಾಜ ವಿಜ್ಞಾನ ಶಿಕ್ಷಕರೇ? ಪ್ರಾಕ್ಟೀಸ್ ಟೀಚಿಂಗ್‌ಗೆ ತಯಾರಾಗುತ್ತಿದ್ದೀರಾ? ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದರೂ ಊಟದ ನಂತರದ ಪೀರಿಯಡ್‌ನಲ್ಲಿ ಅರ್ಧ ಕ್ಲಾಸ್ ತೂಕಡಿಸುವುದನ್ನು ನೋಡಿ ಬೇಸತ್ತಿದ್ದೀರಾ? ಮುಂದಿನ ಸೂತ್ರಗಳು ನಿಮಗಾಗಿಯೇ ಇವೆ. ಪೆನ್ನು ಹಿಡಿದು ಓದಿ.

ಮೊದಲು ಒಂದು ಅಭ್ಯಾಸ ಬಿಡಿ. “ಇತಿಹಾಸ ಬೋರಿಂಗ್ ಸಬ್ಜೆಕ್ಟ್, ಮಕ್ಕಳಿಗೆ ಇಂಟರೆಸ್ಟ್ ಇಲ್ಲ, ನಾವೇನು ಮಾಡೋಣ” ಎಂದು ಸ್ಟಾಫ್ ರೂಮಿನಲ್ಲಿ ಹೇಳುವ ಅಭ್ಯಾಸ. ಇದೇ ಮಕ್ಕಳು ಯುದ್ಧ, ಪಿತೂರಿ, ಸೇಡು, ತ್ಯಾಗದ ಕಥೆಗಳನ್ನು ಮೊಬೈಲ್‌ನಲ್ಲಿ ರಾತ್ರಿ ಹನ್ನೆರಡರವರೆಗೆ ನೋಡುತ್ತಾರೆ. ಅವೆಲ್ಲ ನಿಮ್ಮ ಸಬ್ಜೆಕ್ಟ್‌ನಲ್ಲೇ ಇವೆ, ಅದೂ ನಿಜವಾಗಿ ನಡೆದದ್ದು. ಪ್ಲಾನ್ ಇಲ್ಲದ ಪಾಠ ಬೋರ್ ಹೊಡೆಸುತ್ತದೆ. ಪ್ಲಾನಿಂಗ್ ಒಂದು ಸ್ಕಿಲ್. ಕಲಿತರೆ ಯಾರಿಗಾದರೂ ಬರುತ್ತದೆ.

1. ಒಂದು ಪೀರಿಯಡ್‌ಗೆ ಒಂದು ಪ್ರಶ್ನೆ ಇಟ್ಟುಕೊಳ್ಳಿ

ಪಾಠ ಟಿಪ್ಪಣಿ ಬರೆಯಲು ಕುಳಿತಾಗ ಅಧ್ಯಾಯದ ಹೆಸರು ಆಮೇಲೆ ಬರಲಿ. ಮೊದಲು ಒಂದು ಪ್ರಶ್ನೆ ಬರೆಯಿರಿ. ಇಡೀ ನಲವತ್ತು ನಿಮಿಷ ಆ ಪ್ರಶ್ನೆಯನ್ನು ಬಿಡಿಸುವ ಕೆಲಸವಾಗಲಿ.

ಉದಾಹರಣೆಗೆ ಕಿತ್ತೂರು. “ಕಿತ್ತೂರು ದಂಗೆಯ ಕಾರಣಗಳನ್ನು ಪಟ್ಟಿ ಮಾಡಿ” ಎಂಬುದು ಪರೀಕ್ಷೆಯ ಪ್ರಶ್ನೆ. ಅದು ಯಾವ ಹುಡುಗನನ್ನೂ ಬೆಂಚಿನಿಂದ ಎಬ್ಬಿಸುವುದಿಲ್ಲ. ಅದನ್ನೇ ಹೀಗೆ ಕೇಳಿ: “1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನೇ ಕೊಂದು ಗೆದ್ದ ಕಿತ್ತೂರು, ಡಿಸೆಂಬರ್‌ನಲ್ಲಿ ಸೋತದ್ದು ಹೇಗೆ?” ಈಗ ಮಕ್ಕಳಿಗೆ ಹುಡುಕಲು ಏನೋ ಸಿಕ್ಕಿತು. ಎರಡು ತಿಂಗಳೂ ತುಂಬದ ಆ ಅವಧಿಯಲ್ಲಿ ಏನಾಯಿತು? ಕಂಪನಿ ಎಲ್ಲೆಲ್ಲಿಂದ ಸೈನ್ಯ ತರಿಸಿತು? ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳನ್ನು ರಾಣಿ ಚೆನ್ನಮ್ಮ ಏನು ಮಾಡಿದಳು? ದತ್ತು ಮಗನನ್ನು ಒಪ್ಪದ ಕಂಪನಿಯ ಹಟಕ್ಕೆ ಆಗ ಯಾವ ಆಧಾರವಿತ್ತು? ದತ್ತು ಮಕ್ಕಳ ಹಕ್ಕು ಒಪ್ಪದ ನೀತಿಗೆ ಹೆಸರಾದ ಡಾಲ್‌ಹೌಸಿ ಭಾರತಕ್ಕೆ ಬಂದದ್ದು 1848ರಲ್ಲಿ. ಅವನಿಗಿಂತ 24 ವರ್ಷ ಮೊದಲೇ ಕಿತ್ತೂರಿನಲ್ಲಿ ಇದೇ ತಕರಾರು ಎದ್ದಿತ್ತು ಎಂದು ಮಕ್ಕಳೇ ಕಂಡುಕೊಂಡರೆ, ಮುಂದಿನ ತಿಂಗಳ 1857ರ ಪಾಠ ಅರ್ಧ ಆದಂತೆಯೇ.

ಕಾರಣ ಸರಳ. ಉತ್ತರ ಗೊತ್ತಿಲ್ಲ ಎಂದಾಗಲೇ ಮನಸ್ಸು ಕೆಲಸ ಶುರು ಮಾಡುತ್ತದೆ. ನೀವು ಉತ್ತರದಿಂದ ಶುರು ಮಾಡಿದರೆ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ.

2. “ಸಿಲೆಬಸ್ ಮುಗಿಯಲ್ಲ” ಎನ್ನುವುದನ್ನು ನಿಲ್ಲಿಸಿ, ಲೆಕ್ಕ ಹಾಕಿ

ಜೂನ್‌ನಲ್ಲೇ ವಾರ್ಷಿಕ ಪಾಠ ಹಂಚಿಕೆಯ ಹಾಳೆ ಮುಂದಿಟ್ಟುಕೊಳ್ಳಿ. ಇತಿಹಾಸದ ಎಲ್ಲ ಅಧ್ಯಾಯಗಳಿಗೂ ಸಮಾನ ಸಮಯ ಕೊಡಬೇಡಿ. ಪ್ರತಿ ಸೆಮಿಸ್ಟರ್‌ಗೆ ಎರಡು ಮೂರು ಅಧ್ಯಾಯ ಆರಿಸಿ. ಅವುಗಳನ್ನು ಆಳವಾಗಿ, ಆಕರ ಇಟ್ಟು, ಚರ್ಚಿಸಿ ಮಾಡಿ. ಉಳಿದವನ್ನು ಬೋರ್ಡ್ ಮೇಲೆ ಒಂದು ಚಾರ್ಟ್, ಒಂದು ನಕ್ಷೆ, ಐದು ಪ್ರಶ್ನೆ ಎಂದು ಚುರುಕಾಗಿ ಮುಗಿಸಿ.

ಎಲ್ಲವನ್ನೂ ಒಂದೇ ವೇಗದಲ್ಲಿ ಹೇಳುತ್ತಾ ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೂರು ಅಧ್ಯಾಯವನ್ನು ಬೇರು ಸಮೇತ ಕಲಿತ ಮಗು ನಾಲ್ಕನೆಯದನ್ನು ತಾನೇ ಓದಿಕೊಳ್ಳುತ್ತದೆ.

3. ಮೊದಲ ಐದು ನಿಮಿಷವನ್ನು ಬರೆದು ಅಭ್ಯಾಸ ಮಾಡಿ

ಹಾಜರಿ ಮುಗಿದ ಮೇಲೆ “ಪುಟ 43 ತೆಗೀರಿ” ಎಂದಿರೋ, ಪೀರಿಯಡ್ ಅಲ್ಲಿಗೇ ಸೋತಿತು. ಆ ಐದು ನಿಮಿಷದಲ್ಲಿ ಪುಸ್ತಕ ಮುಚ್ಚಿರಲಿ. ಒಂದು ವಸ್ತು, ಒಂದು ಚಿತ್ರ ಅಥವಾ ಒಂದು ವಿಚಿತ್ರ ಸಂಗತಿಯಿಂದ ಶುರು ಮಾಡಿ.

ರಾಷ್ಟ್ರಕೂಟರ ಪಾಠ ಎಂದುಕೊಳ್ಳಿ. ವಂಶಾವಳಿ ಬೇಡ, ಒಂದು ನಾಯಿಯಿಂದ ಶುರು ಮಾಡಿ. ಅದರ ಹೆಸರು ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನದಲ್ಲಿ ಅದರ ಕಥೆ ಇದೆ. ಮಣಲೆರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿದ ದೊರೆ ಏನು ಬೇಕು ಕೇಳು ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿದರು, ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಇಂದಿಗೂ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಕಾದಾಡುವ ಕೆತ್ತನೆ ಅದರ ಮೇಲಿದೆ.

ಈಗ ನಿಲ್ಲಿಸಿ. ಕೇಳಿ: “ಒಂದು ನಾಯಿಗೆ ಇಷ್ಟು ಗೌರವ ಸಿಕ್ಕಿದ್ದು ಏಕೆ? ಮಣಲೆರ ಹೋರಾಡಿದ ಯುದ್ಧ ಯಾವುದು?” ಅದು 949ರ ತಕ್ಕೋಲಂ ಯುದ್ಧ. ಅದೇ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಇದ್ದಾನೆ, ಗಂಗರ ಬೂತುಗ ಇದ್ದಾನೆ, ಯುದ್ಧದಲ್ಲಿ ಸತ್ತ ಚೋಳ ರಾಜಾದಿತ್ಯನೂ ಇದ್ದಾನೆ. ನಾಯಿಯ ಹಿಂದೆ ಬಂದ ಕ್ಲಾಸ್ ಈಗ ಮೂರು ರಾಜವಂಶಗಳ ನಡುವೆ ನಿಂತಿದೆ. ಅವರ ಸಂಬಂಧವನ್ನು ನೀವು ಬೋರ್ಡ್ ಮೇಲೆ ಬರೆಯುವಾಗ ಮಕ್ಕಳು ತಾವಾಗಿ ಬರೆದುಕೊಳ್ಳುತ್ತಾರೆ.

ಇಂಥ ಆರಂಭ ತಾನಾಗಿ ಹೊಳೆಯುತ್ತದೆ ಎಂದು ಕಾಯಬೇಡಿ. ಹಿಂದಿನ ರಾತ್ರಿ ಬರೆಯಿರಿ. ಗಟ್ಟಿಯಾಗಿ ಎರಡು ಸಲ ಹೇಳಿ ನೋಡಿ.

4. ಆಕರವನ್ನೇ ತರಗತಿಗೆ ತನ್ನಿ

ಈ ಹದಿಮೂರರಲ್ಲಿ ಒಂದನ್ನೇ ಪಾಲಿಸಲು ನಿಮಗೆ ಸಮಯವಿದ್ದರೆ, ಇದನ್ನು ಪಾಲಿಸಿ. ಪಠ್ಯಪುಸ್ತಕದಲ್ಲಿ ಇರುವುದು ಇತಿಹಾಸಕಾರರು ತಲುಪಿದ ತೀರ್ಮಾನ. ಅವರು ಆ ತೀರ್ಮಾನಕ್ಕೆ ಹೇಗೆ ಬಂದರು ಎಂಬ ಖುಷಿಯನ್ನು ಮಕ್ಕಳಿಂದ ಕಸಿಯಬೇಡಿ.

ನನ್ನ ಮಟ್ಟಿಗೆ ಪ್ರೌಢಶಾಲೆಯ ಮಕ್ಕಳಿಗೆ ಮಸ್ಕಿಯಷ್ಟು ಒಳ್ಳೆಯ ಪತ್ತೇದಾರಿ ಪಾಠ ಇನ್ನೊಂದಿಲ್ಲ. ಪ್ಲಾನ್ ಹೀಗೆ ಮಾಡಿ.

ಬೋರ್ಡ್ ಮೇಲೆ ಮೊದಲ ಸುಳಿವು ಬರೆಯಿರಿ. ದೇಶದ ಬೇರೆ ಬೇರೆ ಕಡೆ ಬಂಡೆ, ಕಂಬಗಳ ಮೇಲೆ ಬರಹಗಳಿವೆ, ಯಾರಿಗೂ ಓದಲು ಬರುವುದಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ಬರೆಸಿದ ರಾಜ ತನ್ನನ್ನು “ದೇವಾನಾಂಪಿಯ ಪಿಯದಸಿ” ಎಂದು ಕರೆದುಕೊಂಡಿದ್ದಾನೆ. ಯಾರು ಇವನು? ಮಕ್ಕಳು ಊಹಿಸಲಿ. ಪ್ರಿನ್ಸೆಪ್ ಕೂಡ ಊಹಿಸಿದ, ಸಿಂಹಳದ ರಾಜನಿರಬೇಕು ಎಂದ. ಅದು ತಪ್ಪಾಗಿತ್ತು. ತಪ್ಪು ಊಹೆಯಿಂದಲೇ ಸಂಶೋಧನೆ ಮುಂದಕ್ಕೆ ಹೋಗುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಜಾಗ.

ಎರಡನೆಯ ಸುಳಿವು. ಶ್ರೀಲಂಕಾದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥಗಳನ್ನು ತಿರುವಿ ಹಾಕಿದ. ಪಿಯದಸಿ ಎಂಬುದು ಚಂದ್ರಗುಪ್ತ ಮೌರ್ಯನ ಮೊಮ್ಮಗನ ಹೆಸರು ಎಂದು ಅಲ್ಲಿತ್ತು. ಹಾಗಾದರೆ ಅಶೋಕನೇ? ಇರಬಹುದು. ಆದರೆ ಆವರೆಗೆ ಸಿಕ್ಕ ಕಲ್ಲುಗಳಲ್ಲಿ ಅಶೋಕ ಎಂಬ ಹೆಸರೇ ಇಲ್ಲ. ಪುಸ್ತಕದ ಮಾತೊಂದನ್ನೇ ನಂಬಬಹುದೇ? ಕ್ಲಾಸ್‌ನಲ್ಲಿ ಕೈ ಎತ್ತಿಸಿ ಮತ ಹಾಕಿಸಿ.

ಮೂರನೆಯ ಸುಳಿವು. 1915. ರಾಯಚೂರು ಜಿಲ್ಲೆಯ ಮಸ್ಕಿ. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬಾತನ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ಅದರಲ್ಲಿ ದೇವಾನಾಂಪಿಯ ಎಂಬ ಬಿರುದಿನ ಜೊತೆಗೇ “ಅಸೋಕ” ಎಂದು ಬರೆದಿತ್ತು. 78 ವರ್ಷ ಕಾದ ಪ್ರಶ್ನೆಗೆ ಉತ್ತರ ಕನ್ನಡ ನಾಡಿನ ಬಂಡೆಯಲ್ಲಿ ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಂಗಳಲ್ಲೂ ಅವನ ಹೆಸರು ದೊರೆಯಿತು.

ಮನೆಗೆಲಸಕ್ಕೆ ಇನ್ನೊಂದು ಒಗಟು ಕೊಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಬರೆದ ಲಿಪಿಕಾರ ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದುದು ಭಾರತದ ವಾಯವ್ಯ ಗಡಿಯ ಕಡೆ. ಅಲ್ಲಿನ ಲಿಪಿ ಬಲ್ಲವನು ಬ್ರಹ್ಮಗಿರಿಯ ಬಂಡೆಯ ಮುಂದೆ ಹೇಗೆ ಬಂದ? ಮೌರ್ಯರ ಆಡಳಿತದ ವಿಸ್ತಾರ ಎಂಬ ಒಣ ಶೀರ್ಷಿಕೆಗೆ ಈಗ ಒಬ್ಬ ಮನುಷ್ಯನ ಕೈಬರಹ ಸಿಕ್ಕಿತು.

ಆಕರ ಎಂದರೆ ಶಾಸನವೇ ಆಗಬೇಕಿಲ್ಲ. ನಾಣ್ಯ, ಹಳೆಯ ಪಹಣಿ, ಮದುವೆಯ ಕರೆಯೋಲೆ, ರೇಷನ್ ಕಾರ್ಡ್, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್‌ನ ಪ್ರವಾಸ ಕಥನದ ಒಂದು ಪುಟ, ಯಾವುದಾದರೂ ನಡೆಯುತ್ತದೆ. ಒಂದು ಪೀರಿಯಡ್‌ಗೆ ಒಂದು ಸಾಕು. ಭಾಷೆ ಕಷ್ಟವಿದ್ದರೆ ನೀವೇ ಐದಾರು ಸಾಲಿನ ಸರಳ ಕನ್ನಡಕ್ಕೆ ಇಳಿಸಿ, ಜೆರಾಕ್ಸ್ ಮಾಡಿಸಿ, ಬೆಂಚಿಗೊಂದು ಹಂಚಿ.

5. ಇಬ್ಬರು ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸಿ

ಆಕರ ತಂದಿರಿ, ಸರಿ. ಅದನ್ನು ಹಾಗೇ ನಂಬಬೇಡಿ ಎಂದೂ ಕಲಿಸಿ. ಮೂರು ಪ್ರಶ್ನೆಗಳನ್ನು ಗೋಡೆಯ ಮೇಲೆ ಕಾಯಂ ಆಗಿ ಅಂಟಿಸಿ: ಇದನ್ನು ಬರೆದವರು ಯಾರು? ಯಾರ ಮೆಚ್ಚುಗೆಗೆ ಬರೆದರು? ಏನನ್ನು ಹೇಳದೆ ಬಿಟ್ಟರು?

ಐಹೊಳೆಯ ಶಾಸನದ ಮೇಲೆ ಇದನ್ನು ಪ್ರಯೋಗಿಸಿ. ಮೇಗುಟಿ ಜಿನಾಲಯದ ಗೋಡೆಯ ಮೇಲೆ 634ರ ಹೊತ್ತಿಗೆ ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಎನ್ನುತ್ತದೆ. ಆದರೆ ರವಿಕೀರ್ತಿ ಪುಲಿಕೇಶಿಯ ಆಶ್ರಯದಲ್ಲಿದ್ದ ಕವಿ. ತನ್ನ ದೊರೆಯನ್ನು ಹೊಗಳದೆ ಇರುತ್ತಾನೆಯೇ? ಮಕ್ಕಳು ಇಲ್ಲಿ ಶಾಸನವನ್ನು ಪೂರ್ತಿ ತಳ್ಳಿಹಾಕಲು ಹೊರಡುತ್ತಾರೆ. ಆಗ ಎರಡನೆಯ ಸಾಕ್ಷಿಯನ್ನು ಕರೆಯಿರಿ. ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್. ಹರ್ಷನ ಆತಿಥ್ಯ ಪಡೆದವನು, ಹರ್ಷನನ್ನು ಬಾಯಿತುಂಬ ಹೊಗಳಿದವನು. ಅವನೂ ಪುಲಿಕೇಶಿಯನ್ನು ಹರ್ಷನಿಗೆ ಮಣಿಸಲಾಗಲಿಲ್ಲ ಎಂದೇ ಬರೆದಿದ್ದಾನೆ. ಎದುರು ಪಾಳಯದ ಅಭಿಮಾನಿಯೇ ಒಪ್ಪಿಕೊಂಡ ಮೇಲೆ ಆ ಮಾತಿನ ತೂಕ ಎಷ್ಟು?

ಇದನ್ನು ಒಂದು ಸಲ ಮಾಡಿದ ಮಗು ವಾಟ್ಸ್‌ಆ್ಯಪ್ ಫಾರ್ವರ್ಡ್ ಓದುವಾಗಲೂ ಅದೇ ಮೂರು ಪ್ರಶ್ನೆ ಕೇಳುತ್ತದೆ. ನಿಮ್ಮ ಸಬ್ಜೆಕ್ಟ್ ಜೀವನಕ್ಕೆ ಏನು ಕೊಡುತ್ತದೆ ಎಂದು ಪೋಷಕರು ಕೇಳಿದರೆ ಈ ಉತ್ತರ ಧೈರ್ಯವಾಗಿ ಹೇಳಿ.

6. ಇಸವಿಗಳನ್ನು ಹಗ್ಗದ ಮೇಲೆ ನಡೆಸಿ

ಇಸವಿಗಳ ಪಟ್ಟಿ ಬಾಯಿಪಾಠ ಮಾಡಿಸಬೇಡಿ. 23 ಮೀಟರ್ ಹಗ್ಗ ತನ್ನಿ. ಒಂದು ಮೀಟರ್ ಅಂದರೆ ನೂರು ವರ್ಷ. ಶಾಲೆಯ ಮೈದಾನದಲ್ಲಿ ಚಾಚಿ. ಒಂದು ತುದಿ ಇವತ್ತು. ಅಲ್ಲಿಂದ ಹಿಂದಕ್ಕೆ 80 ಸೆಂಟಿಮೀಟರ್ ಒಳಗೇ 1947. ಎರಡು ಮೀಟರ್‌ಗೆ ಕಿತ್ತೂರು. ಸುಮಾರು ಏಳು ಮೀಟರ್‌ಗೆ ವಿಜಯನಗರದ ಸ್ಥಾಪನೆ. ಹದಿನಾರರ ಹತ್ತಿರ ಹಲ್ಮಿಡಿ ಶಾಸನ. ಇನ್ನೊಂದು ತುದಿಯಲ್ಲಿ ಅಶೋಕ. ಪ್ರತಿ ಜಾಗದಲ್ಲೂ ಒಬ್ಬೊಬ್ಬರನ್ನು ಫಲಕ ಹಿಡಿಸಿ ನಿಲ್ಲಿಸಿ.

ಈಗ ಒಂದು ದೂರ ಅಳೆಯಿಸಿ. ಅಶೋಕನಿಂದ ಹಲ್ಮಿಡಿಗೆ ಎಷ್ಟು? ಸುಮಾರು ಏಳು ಮೀಟರ್. ವಿಜಯನಗರದ ಹರಿಹರ-ಬುಕ್ಕರಿಂದ ನಮಗೆ ಎಷ್ಟು? ಅದೂ ಸುಮಾರು ಏಳು ಮೀಟರ್! ಪುಸ್ತಕದಲ್ಲಿ ಕೆಲವೇ ಪುಟ ದೂರದಲ್ಲಿರುವ ಎರಡು ಘಟನೆಗಳ ನಡುವೆ ಎಷ್ಟು ತಲೆಮಾರು ಹುಟ್ಟಿ ಸತ್ತವು ಎಂಬುದು ಕಾಲಿಗೇ ಗೊತ್ತಾಗುತ್ತದೆ. ನಡೆದು ಕಲಿತ ಕಾಲಾನುಕ್ರಮ ಪರೀಕ್ಷಾ ಹಾಲ್‌ನಲ್ಲಿ ಕೈಕೊಡುವುದಿಲ್ಲ.

7. ನಿಮ್ಮ ಊರಿನ ಕಲ್ಲನ್ನು ಪಾಠಕ್ಕೆ ಸೇರಿಸಿ

“ನಮ್ಮೂರಲ್ಲಿ ಏನೂ ಇಲ್ಲ ಸರ್” ಎನ್ನುವ ಮಾತನ್ನು ಒಪ್ಪಬೇಡಿ. ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ, ಗುಡಿಯ ಹಿಂದೆ ಹುಡುಕಿ. ಹೆಚ್ಚಿನ ಕಡೆ ಒಂದು ವೀರಗಲ್ಲಾದರೂ ಸಿಗುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಹಂತ. ಕೆಳಗೆ ಹೋರಾಟ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕೆಳಗಿನ ಹಂತದಲ್ಲಿ ದನಗಳಿದ್ದರೆ ಅದು ತುರುಗಾಳಗ. ಮಕ್ಕಳು ಒಂದು ಸಲ ಓದುವುದನ್ನು ಕಲಿತರೆ ಸಾಕು, ದಾರಿಯಲ್ಲಿ ಕಂಡ ಪ್ರತಿ ಕಲ್ಲಿನ ಮುಂದೆಯೂ ನಿಲ್ಲುತ್ತಾರೆ. ಬೆಂಗಳೂರಿನವರೂ ತಪ್ಪಿಸಿಕೊಳ್ಳುವಂತಿಲ್ಲ. ಬೇಗೂರಿನ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲು “ಬೆಂಗುಳೂರ” ಕಾಳಗವನ್ನು ಹೆಸರಿಸುತ್ತದೆ. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನ ಮಾತು ಅದು.

ತಯಾರಿ ಮನೆಯಲ್ಲೇ ಮಾಡಿ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಲಾಗಿದೆ. ಹಳೆಯ ಮೈಸೂರು ಭಾಗದ ಶಿಕ್ಷಕರು ತಮ್ಮ ತಾಲ್ಲೂಕಿನ ಪುಟ ತೆರೆದರೆ ಊರುಗಳ ಹೆಸರೇ ಸಿಗುತ್ತವೆ. ಉತ್ತರ ಕರ್ನಾಟಕ, ಕರಾವಳಿಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳನ್ನು ನೋಡಲಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಭಾಗದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ.

ಕಲ್ಲಿನ ಬಳಿ ಹೋದಾಗ ಕೆಲವು ಕಟ್ಟುನಿಟ್ಟು ಪಾಲಿಸಿ. ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಬೇಡಿ. ಕಲ್ಲನ್ನು ಕೆರೆಯಬೇಡಿ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬೆಳಕಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಪೂಜೆ ನಡೆಯುವ ಕಲ್ಲಾದರೆ ಊರಿನ ಹಿರಿಯರನ್ನು ಕೇಳಿಯೇ ಹತ್ತಿರ ಹೋಗಿ, ಚಪ್ಪಲಿ ಬಿಡಿ.

8. ಅಜ್ಜ-ಅಜ್ಜಿಯರನ್ನು ಸಂದರ್ಶನ ಮಾಡಿಸಿ

ಎಪ್ಪತ್ತು ದಾಟಿದವರ ನೆನಪಿನಲ್ಲಿ 1974ರ ಭೂಸುಧಾರಣೆ ಇನ್ನೂ ಹಸಿಯಾಗಿದೆ. ದೇವರಾಜ ಅರಸರ ಕಾಲ, ಏಳನೇ ನಮೂನೆ ಅರ್ಜಿ, ಭೂನ್ಯಾಯ ಮಂಡಳಿಯ ಮುಂದೆ ನಿಂತ ದಿನ. ಮಕ್ಕಳಿಗೆ ಐದೇ ಪ್ರಶ್ನೆ ಕೊಡಿ: ಆಗ ಯಾರ ಜಮೀನು ಉಳುತ್ತಿದ್ದಿರಿ? ಗೇಣಿ ಎಷ್ಟಿತ್ತು? ಅರ್ಜಿ ಯಾರು ಬರೆದುಕೊಟ್ಟರು? ಎದುರು ಪಕ್ಷದವರು ಏನೆಂದರು? ಊರಿನಲ್ಲಿ ಏನು ಬದಲಾಯಿತು?

ಒಂದು ಎಚ್ಚರ. ನಿಮ್ಮ ಕ್ಲಾಸ್‌ನಲ್ಲಿ ಭೂಮಿ ಪಡೆದವರ ಮೊಮ್ಮಕ್ಕಳೂ ಇರುತ್ತಾರೆ, ಭೂಮಿ ಕಳೆದುಕೊಂಡವರ ಮೊಮ್ಮಕ್ಕಳೂ ಇರುತ್ತಾರೆ. ಎರಡೂ ಮನೆಯ ಮಾತಿಗೆ ಬೋರ್ಡ್ ಮೇಲೆ ಸಮಾನ ಜಾಗ ಕೊಡಿ. ಹೆಸರು ಬರೆಸಬೇಡಿ. ಒಂದೇ ಕಾನೂನು ಎರಡು ಮನೆಗಳಲ್ಲಿ ಎರಡು ನೆನಪಾಗಿ ಉಳಿದದ್ದನ್ನು ಹದಿನೈದು ವರ್ಷದ ಮಗು ಅರ್ಥ ಮಾಡಿಕೊಳ್ಳಬಲ್ಲದು.

9. ಪಾತ್ರಕ್ಕಿಂತ ಮೊದಲು ನಿರ್ಧಾರ ಕೊಡಿ

ಪೇಟ ಕಟ್ಟಿ, ಮೀಸೆ ಬರೆದು, ಕಂಠಪಾಠದ ಡೈಲಾಗ್ ಹೇಳಿಸಿದರೆ ಅದು ವಾರ್ಷಿಕೋತ್ಸವಕ್ಕೆ ಚೆನ್ನ. ತರಗತಿಯಲ್ಲಿ ಮಕ್ಕಳ ಕೈಗೆ ಒಂದು ಕಠಿಣ ನಿರ್ಧಾರ ಕೊಡಿ.

ಈಸೂರನ್ನು ತೆಗೆದುಕೊಳ್ಳಿ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಹಳ್ಳಿ. 1942ರ ಸೆಪ್ಟೆಂಬರ್. ಊರಿನವರು ತಮ್ಮನ್ನು ತಾವೇ ಸ್ವತಂತ್ರರೆಂದು ಸಾರಿದರು, ತಮ್ಮದೇ ಸರ್ಕಾರ ಮಾಡಿಕೊಂಡರು. ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಊರಿನ ಇಬ್ಬರು ಹುಡುಗರನ್ನೇ ನೇಮಿಸಿದರು! ಇಲ್ಲಿ ನಿಲ್ಲಿಸಿ ಗುಂಪುಗಳಲ್ಲಿ ಚರ್ಚೆಗೆ ಬಿಡಿ: ದೊಡ್ಡವರಿದ್ದೂ ಹುಡುಗರನ್ನೇ ಏಕೆ ಆರಿಸಿದರು? ನಿಮ್ಮನ್ನು ಆರಿಸಿದ್ದರೆ ಒಪ್ಪುತ್ತಿದ್ದಿರಾ? ನಿಮ್ಮ ತಾಯಿ ಏನನ್ನುತ್ತಿದ್ದರು? ಏಳು ನಿಮಿಷ ಕೊಡಿ. ಆಮೇಲೆ ಮುಂದಿನದನ್ನು ಹೇಳಿ. ಸರ್ಕಾರದ ಅಧಿಕಾರಿಗಳು ಪೊಲೀಸರೊಂದಿಗೆ ಊರಿಗೆ ಬಂದರು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಊರಿನ ಮೇಲೆ ದಾಳಿ ನಡೆಯಿತು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರು ಗಲ್ಲಿಗೇರಿದರು.

ಈ ಭಾಗವನ್ನು ಅವಸರದಲ್ಲಿ ಹೇಳಬೇಡಿ. ಸತ್ತವರು ಎರಡೂ ಕಡೆ ಇದ್ದರು. ತಾವು ಎಂಟು ನಿಮಿಷದ ಹಿಂದೆ ತೆಗೆದುಕೊಂಡ ನಿರ್ಧಾರಕ್ಕೆ ನಿಜದಲ್ಲಿ ಎಂಥ ಬೆಲೆ ಇತ್ತು ಎಂದು ಮಕ್ಕಳಿಗೆ ಅನಿಸಲಿ. ನಂತರ ಕೇಳಿ: “ಈಗಲೂ ಅದೇ ಉತ್ತರವೇ?”

ಹದಿಹರೆಯದವರಿಗೆ ತಮ್ಮ ವಯಸ್ಸಿನವರು ಕಂಡರೆ ಇತಿಹಾಸ ಹತ್ತಿರವಾಗುತ್ತದೆ. ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೆಜ್ಜೆ ಹಾಕಿದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಆಗ ಇಪ್ಪತ್ತು ದಾಟದ ಹುಡುಗ. ಹತ್ತನೇ ತರಗತಿಯವರಿಗೆ ಅಣ್ಣನ ವಯಸ್ಸು.

10. ಪ್ರಶ್ನೆ ಕೇಳಿ, ಮೂರು ಸೆಕೆಂಡ್ ಸುಮ್ಮನಿರಿ

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಗುರುತಿಸಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡ್‌ಗೆ ಏರಿಸಿದರೆ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು.

ಖರ್ಚಿಲ್ಲದ ಸೂತ್ರ. ನಾಳೆಯೇ ಶುರು ಮಾಡಿ. ಮೊದಲ ಬೆಂಚಿನ ಮೂವರ ಕೈ ಎದ್ದ ತಕ್ಷಣ ಅವರನ್ನೇ ಕೇಳಬೇಡಿ, ಕೊನೆಯ ಬೆಂಚಿನ ಕಡೆ ನೋಡಿ.

11. ಸ್ಮಾರ್ಟ್ ಬೋರ್ಡ್‌ಗೆ ಲಗಾಮು ಹಾಕಿ

ವಿಡಿಯೋ ಮೂರು ನಿಮಿಷ ಮೀರದಿರಲಿ. ಹಾಕುವ ಮುನ್ನ ಒಂದು ಪ್ರಶ್ನೆ ಕೊಡಿ, ಮುಗಿದ ಮೇಲೆ ಉತ್ತರ ಕೇಳಿ. ಸಿನಿಮಾ ತುಣುಕು ತೋರಿಸಿದರೆ ಅದರಲ್ಲಿ ನಿರ್ದೇಶಕರ ಕಲ್ಪನೆ ಎಷ್ಟು ಎಂದು ಹುಡುಕಿಸಿ. ಕರೆಂಟ್ ಹೋದರೂ ನಡೆಯುವಂತೆ ಪಾಠ ಪ್ಲಾನ್ ಮಾಡಿ.

12. ಬಿಸಿ ವಿಷಯಗಳಿಂದ ಓಡಬೇಡಿ

ಟಿಪ್ಪು, ಜಾತಿ, ಮತಾಂತರ, ದೇಗುಲಗಳ ನಾಶ. ಇವು ಬಂದಾಗ ಕೆಲವರು ಪುಟ ಮಗುಚುತ್ತಾರೆ. ನೀವು ಮಗುಚಿದರೆ ಮಕ್ಕಳು ಅದನ್ನೇ ಹೊರಗೆ, ಆಧಾರವಿಲ್ಲದೆ, ಸಿಟ್ಟಿನ ಜೊತೆಗೆ ಕಲಿಯುತ್ತಾರೆ. ತರಗತಿಯಲ್ಲಿ ಕಲಿತರೆ ಸಾಕ್ಷ್ಯದ ಜೊತೆಗೆ ಕಲಿಯುತ್ತಾರೆ.

ಟಿಪ್ಪುವಿನ ಪಾಠಕ್ಕೆ ಎರಡು ಸಂಗತಿ ಒಟ್ಟಿಗೆ ಇಡಿ. 1791ರಲ್ಲಿ ಮರಾಠಾ ಪಡೆಯ ಲೂಟಿಗೆ ತುತ್ತಾದ ಶೃಂಗೇರಿ ಮಠಕ್ಕೆ ಟಿಪ್ಪು ಪತ್ರ ಬರೆದು ನೆರವು ನೀಡಿದ. ಆ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಅದೇ ಟಿಪ್ಪು ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಕೊಡಗಿನ ನೆನಪಿನಲ್ಲಿ ಆ ನೋವು ಇಂದಿಗೂ ಇದೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಬೇಡಿ. “ಒಳ್ಳೆಯವನೋ ಕೆಟ್ಟವನೋ” ಎಂಬ ಪ್ರಶ್ನೆ ಬೋರ್ಡ್ ಮೇಲೆ ಬೇಡ. “ಒಬ್ಬನೇ ರಾಜ ಎರಡು ಕಡೆ ಎರಡು ರೀತಿ ನಡೆದುಕೊಂಡದ್ದು ಏಕೆ?” ಎಂದು ಬರೆಯಿರಿ.

ನಿಯಮ ಎರಡೇ. ಆಧಾರ ತೋರಿಸಿ ಮಾತನಾಡಬೇಕು. ಅಂದಿನವರು ಮಾಡಿದ್ದಕ್ಕೆ ಇಂದಿನ ಸಹಪಾಠಿಯನ್ನು ಹೊಣೆ ಮಾಡುವಂತಿಲ್ಲ. ಎರಡನೆಯದನ್ನು ಮೀರಿದವರನ್ನು ಅಲ್ಲೇ, ಆ ಕ್ಷಣವೇ ತಡೆಯಿರಿ.

13. ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ಬರೆಸಿ

“ಚರ್ಚೆ, ಹಗ್ಗ, ಕಲ್ಲು ಎಲ್ಲ ಸರಿ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಏನಾಗುತ್ತದೆ?” ಎಂದು ಮುಖ್ಯ ಶಿಕ್ಷಕರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ.

2006ರಲ್ಲಿ ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಬರೆದವರು ಮುಂದೆ ಬಂದರು. ಬೋರ್ಡ್ ಪರೀಕ್ಷೆ ಬರುವುದು ಐದು ನಿಮಿಷದ ನಂತರ ಅಲ್ಲವಲ್ಲ!

ಹಾಗಾಗಿ ಹೀಗೆ ಮಾಡಿ. ಬೆಲ್ ಹೊಡೆಯಲು ಐದು ನಿಮಿಷ ಇರುವಾಗ ಎಲ್ಲರೂ ಒಂದು ಚೀಟಿ ತೆಗೆಯಲಿ. ಪೀರಿಯಡ್‌ನ ಪ್ರಶ್ನೆಗೆ ಮೂರು ವಾಕ್ಯದಲ್ಲಿ ಉತ್ತರ, ಕೆಳಗೆ ಒಂದು ಆಧಾರ. ಅಷ್ಟೇ. ಎರಡಂಕ, ಮೂರಂಕದ ಪ್ರಶ್ನೆಗೆ ಬೇಕಾದ ಉತ್ತರ ಇದೇ ಅಳತೆಯದು. 80 ಅಂಕದ ಲಿಖಿತ ಪರೀಕ್ಷೆಗೆ ವರ್ಷವಿಡೀ ಅಭ್ಯಾಸವಾಯಿತು. ವೀರಗಲ್ಲಿನ ವರದಿ, ಅಜ್ಜಿಯ ಸಂದರ್ಶನ ಆಂತರಿಕ ಮೌಲ್ಯಮಾಪನದ 20 ಅಂಕಗಳ ಚಟುವಟಿಕೆಗೆ ಬಂದವು. ಬೇರೆ ಪ್ರಾಜೆಕ್ಟ್‌ಗಾಗಿ ಅಂಗಡಿಯಿಂದ ಚಿತ್ರ ತಂದು ಅಂಟಿಸುವ ಕೆಲಸವೇ ಬೇಡ.

ಚೀಟಿಗಳನ್ನು ಮನೆಗೆ ಒಯ್ಯಿರಿ. ಅಂಕ ಹಾಕಬೇಡಿ, ಮೂರು ಗುಡ್ಡೆ ಮಾಡಿ: ಅರ್ಥವಾದವರು, ಅರೆಬರೆ, ಆಗದವರು. ಅರೆಬರೆ ಗುಡ್ಡೆಯಲ್ಲಿ ಹೆಚ್ಚು ಸಲ ಕಂಡ ತಪ್ಪು ಯಾವುದೋ, ಅದರಿಂದಲೇ ಮರುದಿನದ ಮೊದಲ ಎರಡು ನಿಮಿಷ ಶುರು ಮಾಡಿ. ಪಾಠ ಟಿಪ್ಪಣಿಯ ಅಂಚಿನಲ್ಲಿ ಎರಡು ಸಾಲು ಗುರುತು ಹಾಕಿಕೊಳ್ಳಿ, ಯಾವ ಪ್ರಶ್ನೆಗೆ ಕ್ಲಾಸ್ ಎದ್ದಿತು, ಎಲ್ಲಿ ಸಪ್ಪೆಯಾಯಿತು ಎಂದು. ಮುಂದಿನ ಜೂನ್‌ನಲ್ಲಿ ಅದೇ ಅಧ್ಯಾಯಕ್ಕೆ ಬಂದಾಗ ಆ ಎರಡು ಸಾಲಿನಿಂದ ಹೊಸ ಟಿಪ್ಪಣಿ ಬರೆಯಲು ಕುಳಿತುಕೊಳ್ಳಿ.